ಅಪ್ಪನ ಹೆಸರಿನ ಇಕ್ಕಳ

ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇರಲಿಲ್ಲ. ಲೋಟ, ತಟ್ಟೆ, ಕೊಡ, ಸೌಟು, ಎಲ್ಲದರ ಮೇಲೂ ಅಪ್ಪನ ಹೆಸರು. ಪಾತ್ರೆ ಕೊಂಡ ಕೂಡಲೇ ಅಂಗಡಿಯ ಬಾಗಿಲಲ್ಲಿ ಕೂತಿರುವ ಕೆತ್ತುವವನಿಂದ ಹೆಸರು ಹಾಕಿಸಿಕೊಂಡೇ ಮನೆಗೆ ತರುವುದು ಅವ್ವನ ಪದ್ಧತಿ. ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಅವರು ತೀರಿಹೋದ ಮೇಲೂ ಪದ್ಧತಿ ನಿಲ್ಲಲಿಲ್ಲ. ಹೊಸದೊಂದು ಚಮಚ ಬಂದರೂ ಅದರ ಮೇಲೆ ಅದೇ ಹೆಸರು.

ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ. ತಕರಾರು ಶುರುವಾದದ್ದು ಆ ಹಾಳು ಇಕ್ಕಳದಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪಂಪ್‌ಸೆಟ್ ರಿಪೇರಿ ಕಲಿತು ಸ್ವಂತಕ್ಕೆ ಕೆಲಸ ಹಿಡಿದಿದ್ದೆ. ಅವ್ವ ಪೇಟೆಗೆ ಹೋಗಿ ನನಗೊಂದು ಆಲ್ ಇನ್ ಒನ್ ಇಕ್ಕಳ ತಂದಳು. ಅದರ ಹಿಡಿಯೊಳಗೇ ಮಡಚಿ ಕೂರುವ ಸ್ಕ್ರೂ ಡ್ರೈವರು, ಚಾಕು, ಅರ ಇದ್ದವು. ಜೊತೆಗೆ ಎರಡು ವರ್ಷದ ಗ್ಯಾರಂಟಿ ಕಾರ್ಡು. ಅಂಗಡಿಯಿಂದ ನೆಟ್ಟಗೆ ಮನೆಗೆ ಬಂದಿದ್ದರೆ ಅವಳು ನನ್ನ ಅವ್ವನೇ ಅಲ್ಲ. ಪಾತ್ರೆ ಅಂಗಡಿಗೆ ಹೋಗಿ, ಹಿಡಿಯ ಮೇಲೆ ಸಪಾಟಾಗಿದ್ದ ಒಂದೇ ಒಂದು ಜಾಗದಲ್ಲಿ ಅಪ್ಪನ ಹೆಸರು ಕೆತ್ತಿಸಿದ್ದಳು. ಅಲ್ಲಿ ಕಂಪನಿಯವರು ಹೊಡೆದಿದ್ದ ಯಾವುದೋ ನಂಬರು ಅಡ್ಡ ಬಂತಂತೆ. ಅದನ್ನು ಉಜ್ಜಿಸಿ ಹಾಕಿದ್ದಳು.

ಅಂದಿನಿಂದ, ನಾನು ಪಂಪು ನೋಡಲು ಹೋಗುತ್ತಿದ್ದ ಹದಡಿಯ ರೈತರೆಲ್ಲ ಇಕ್ಕಳ ಓದಿ ನನ್ನನ್ನು ಅಪ್ಪನ ಹೆಸರಿನಿಂದ ಕರೆಯತೊಡಗಿದರು. ಅದು ನಮ್ಮ ಅಪ್ಪನ ಹೆಸರು, ನಾನು ಮಗ ಎಂದು ತಿದ್ದಿದರೆ, ಹಂಗಾರೆ ಅನುಭವ ಇರೋ ನಿಮ್ಮಪ್ಪನ್ನೇ ಕಳಿಸಬಾರದಿತ್ತಾ ಎಂದ ಪುಣ್ಯಾತ್ಮನೂ ಒಬ್ಬನಿದ್ದ. ಕೆಸರಲ್ಲಿ ಬಿದ್ದು ಒದ್ದಾಡುವವನು ನಾನು, ಹೆಸರು ಅಪ್ಪನದು. ನನಗೆ ಉರಿದುಹೋಗುತ್ತಿತ್ತು.

ಆ ಉರಿಯನ್ನೆಲ್ಲ ಇಕ್ಕಳದ ಮೇಲೆ ತೀರಿಸಿದೆ ಎಂದರೂ ಸರಿ. ಅದರಿಂದ ನಟ್ಟು ಬಿಚ್ಚಿದೆ, ಮೊಳೆ ಬಡಿದೆ, ಬೇಲಿಯ ಮುಳ್ಳುತಂತಿ ಕತ್ತರಿಸಿದೆ. ಒಂದು ದಿನ ನಂದಿಗುಡಿ ಕಡೆಯ ಗದ್ದೆಯಲ್ಲಿ ಪಂಪಿನ ಬೋಲ್ಟೊಂದು ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ಕದಲಲಿಲ್ಲ. ಸ್ಪ್ಯಾನರು ಮನೆಯಲ್ಲೇ ಬಿಟ್ಟುಬಂದಿದ್ದೆ. ಇಕ್ಕಳದ ಎರಡೂ ಹಿಡಿಗೆ ಪೈಪಿನ ತುಂಡು ತೂರಿಸಿ ಮೈಭಾರವೆಲ್ಲ ಬಿಟ್ಟೆ. ಟಪ್ ಎಂದಿತು. ಬೋಲ್ಟು ಬಿಟ್ಟಿತೆಂದು ನೋಡಿದರೆ, ಇಕ್ಕಳದ ನಡುವಿನ ರಿವೆಟ್ಟು ಹಾರಿ, ಒಂದು ದವಡೆ ಮುರಿದು ಕೆಸರಿಗೆ ಬಿದ್ದಿತ್ತು.

ಗ್ಯಾರಂಟಿ ಇದೆಯಲ್ಲ ಎಂದು ಇಕ್ಕಳ ಕೊಂಡ ದಾವಣಗೆರೆಯ ಅಂಗಡಿಗೆ ಹೋದೆ. ಅವರು ಏಜೆಂಟರ ಆಫೀಸು ಹರಿಹರದಲ್ಲಿ, ಅಲ್ಲಿಗೆ ಹೋಗಿ ಎಂದರು. ಹರಿಹರದವರು ಕಾರ್ಡಿಗೆ ಅಂಗಡಿಯ ಸೀಲಿಲ್ಲ, ಹಾಕಿಸಿಕೊಂಡು ಬನ್ನಿ ಎಂದರು. ವಾಪಸ್ ಬಂದರೆ, ಸೀಲು ಯಜಮಾನರ ಕಪಾಟಿನಲ್ಲಿ, ಕಪಾಟಿನ ಕೀಲಿ ಯಜಮಾನರ ಜೇಬಿನಲ್ಲಿ, ಯಜಮಾನರು ಯಾರದೋ ಮದುವೆಯಲ್ಲಿ. ಅಂತೂ ಸೀಲು ಬಿತ್ತು. ಮತ್ತೆ ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಹರಿಹರಕ್ಕೆ ಹೋದರೆ, ಅಲ್ಲಿನ ವಯಸ್ಸಾದ ಗುಮಾಸ್ತ ಸಾಹೇಬರು ಇಕ್ಕಳವನ್ನು ತಿರುಗಿಸಿ ತಿರುಗಿಸಿ ನೋಡಿ, ಕಾರ್ಡಿನಲ್ಲಿರುವ ನಂಬರು ಮಾಲಿನ ಮೇಲೆ ಎಲ್ಲಿ ಎಂದು ಕೇಳಿದರು. ನಾನು ಇಕ್ಕಳ ಎತ್ತಿಕೊಂಡು ಎದ್ದುಬಂದೆ. ನಂಬರನ್ನು ಅವ್ವ ಉಜ್ಜಿಸಿದಳು ಅಂತ ಹೇಳಲೇ?

ಆ ಸಂಜೆ ಅವ್ವನ ಮೇಲೆ ಹರಿಹಾಯ್ದೆ. ಅವಳಿಗೋ ನಂಬರಿನ ಚಿಂತೆಯೇ ಇಲ್ಲ. ಹೊಸದು ಕೊಟ್ಟರೆ ಹಳೆಯದನ್ನು ಅವರಿಗೇ ಒಪ್ಪಿಸಬೇಕು ಎಂದು ನಾನಂದದ್ದೇ ತಡ, ಅವಳ ಮುಖ ಸಣ್ಣದಾಯಿತು. ಅಪ್ಪನ ಹೆಸರು ಇನ್ಯಾರದೋ ಗುಜರಿಗೆ ಬೀಳುವುದು ಬೇಡ, ಬೆಸುಗೆ ಹಾಕಿಸಿಕೋ ಎಂದಳು. ಬೆಸುಗೆಗೆ ನಿಲ್ಲುವ ಮುರುಕಲ್ಲ ಅದು. ನಾನಾಗಲೇ ಹತ್ತು ದಿನದಿಂದ ಅವರಿವರ ಸಾಮಾನು ಬೇಡಿ ಕೆಲಸ ಮಾಡುತ್ತಿದ್ದೆ. ತಲೆ ಕೆಟ್ಟುಹೋಗಿತ್ತು. ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಸತ್ತೋರ ಹೆಸರಿಗೆ ಮನೆ ತುಂಬಾ ಸಾಮಾನು ಐತೆ. ಬದುಕಿರೋ ನನ್ನ ಹೆಸರಿಗೆ ಒಂದು ಚಮಚನಾದ್ರೂ ಐತೇನವ್ವಾ?"

ಬೆಳಿಗ್ಗೆ ನೋಡಿದರೆ ಅವ್ವ ಒಳ್ಳೆಯ ಸೀರೆ ಉಟ್ಟು, ಇಕ್ಕಳವನ್ನು ಚೀಲದಲ್ಲಿಟ್ಟುಕೊಂಡು, ಹರಿಹರಕ್ಕೆ ತಾನೂ ಬರುತ್ತೇನೆಂದು ಬಾಗಿಲಲ್ಲಿ ನಿಂತಿದ್ದಳು.

ಸಾಹೇಬರು ಅವಳನ್ನು ಕೂಡಿಸಿ, ನಂಬರು ಯಾಕೆ ಬೇಕು ಎಂದು ಸಮಾಧಾನದಿಂದ ವಿವರಿಸಿದರು. ಇದು ಇಂಥದೇ ಮಾಲು ಎಂದು ಗುರುತು ಹಿಡಿಯುವುದಕ್ಕೆ ಎಂದರು. ಅವ್ವ ಎಲ್ಲ ಕೇಳಿಸಿಕೊಂಡಳು.

"ಗುರುತಿಗೆ ಹೆಸರೇ ಐತಲ್ರಿ ಅಣ್ಣಾರ. ನಂಬರ್ ಉಜ್ಜಿಸಿದಾಕಿ ನಾನು. ತಪ್ಪು ನಂದು, ನನ್ನ ಮಗಂದಲ್ಲ."

ಸಾಹೇಬರು ಹಿಡಿಯ ಮೇಲಿನ ಗೀರುಗಳನ್ನು ಬೆರಳಿನಿಂದ ಸವರಿ, ಪೈಪು ಹಾಕಿ ತಿರುವಿದಿರೇನು, ಹಾಗೆ ಮುರಿದದ್ದಕ್ಕೆ ಗ್ಯಾರಂಟಿ ಇಲ್ಲ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಬಹಳ ಬೇಗ ಎಂದೆ. ಅವ್ವ ಒಮ್ಮೆ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು. ಸಾಹೇಬರು ನಿಟ್ಟುಸಿರು ಬಿಟ್ಟು ಫಾರಂ ತೆಗೆದರು. ಮಾಲಿನ ನಂಬರು ಬರೆಯುವ ಜಾಗದಲ್ಲಿ ಅಪ್ಪನ ಹೆಸರನ್ನೇ ಬರೆದು, ಹಳೆಯ ಪೀಸು ಇಲ್ಲೇ ಬಿಡಬೇಕು ಎಂದರು. ಅವ್ವ ಸೆರಗಿನಿಂದ ಅದರ ಕೆಸರು ಒರೆಸಿದಳು. ಸಂದಿನಲ್ಲಿದ್ದದ್ದು ಹೋಗಲಿಲ್ಲ, ಉಗುರು ಹಾಕಿ ತೆಗೆದಳು. ಆಮೇಲೆ ಮೇಜಿನ ಮೇಲಿಟ್ಟಳು.

ತಿಂಗಳ ಮೇಲೆ ಹೊಸ ಇಕ್ಕಳ ಬಂತು. ನಂಬರು ಲಕಲಕ ಹೊಳೆಯುತ್ತಿತ್ತು. ಇದಕ್ಕೆ ಮಾತ್ರ ಕೈ ಹಚ್ಚಬೇಡ ಎಂದು ಅವ್ವನಿಗೆ ಹತ್ತು ಸಲ ಹೇಳಿದೆ. ನಂಬರು ಹೋದರೆ ಗ್ಯಾರಂಟಿ ಹೋಯಿತು, ಇನ್ನೊಮ್ಮೆ ಆ ಹರಿಹರದ ಬಸ್ಸು ಹತ್ತುವ ಚೈತನ್ಯ ನನಗಿಲ್ಲ ಎಂದೆ. ಹ್ಞೂಂ ಎಂದಳು.

ಆ ಭಾನುವಾರ ಸ್ನಾನ ಮುಗಿಸಿ ಬಂದು ನೋಡಿದರೆ ಚೀಲದಲ್ಲಿ ಇಕ್ಕಳವಿಲ್ಲ. ಅವ್ವನೂ ಇಲ್ಲ. ಅರ್ಧ ಗಂಟೆಯಲ್ಲಿ ಪೇಟೆಯ ಕಡೆಯಿಂದ ಆರಾಮಾಗಿ ನಡೆದುಕೊಂಡು ಬಂದಳು. ಕೈಯಿಂದ ಕಸಿದುಕೊಂಡು ನೋಡಿದೆ. ನಂಬರು ಸವೆದು ನುಣ್ಣಗಾಗಿತ್ತು. ಪಿತ್ತ ನೆತ್ತಿಗೇರಿ, ಕೂಗಾಡಲು ಬಾಯಿ ತೆಗೆದವನು ಅಕ್ಷರಗಳನ್ನು ಓದಿದೆ.

ನನ್ನ ಹೆಸರಿತ್ತು.

"ಪೈಪ್ ಹಾಕ್‌ಬ್ಯಾಡ ಇದಕ್ಕೆ," ಎಂದು ಹೇಳಿ ಅವ್ವ ಒಳಗೆ ಹೋದಳು.

ನಾನು ಗ್ಯಾರಂಟಿ ಕಾರ್ಡನ್ನು ಹರಿದು ನೀರೊಲೆಗೆ ಹಾಕಿದೆ. ಇಕ್ಕಳಕ್ಕೆ ಮತ್ತೆಂದೂ ಪೈಪು ಹಾಕಲಿಲ್ಲ.