ಸಂಜೆ ಮಾತ್ರ ನಿಲ್ಲುತ್ತಿದ್ದ ಕೂಲರ್

ಹದಿಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ಮೂರು. ಡಿಪ್ಲೊಮಾ ಮುಗಿಸಿ, ಹಾಲಿನ ಕೂಲರ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಒಂದು ಖಾಸಗಿ ಕಂಪನಿಗೆ ಸೇರಿದ್ದೆ. ಹುದ್ದೆಯ ಹೆಸರು ಸರ್ವಿಸ್ ಎಂಜಿನಿಯರ್. ಹೆಸರು ಹಾಕಿಸಿದ ಕಾರ್ಡು ಕೂಡ ಕೊಟ್ಟಿದ್ದರು. ಸಂಬಳ ತಿಂಗಳಿಗೆ ಎಂಟೂವರೆ ಸಾವಿರ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕು ನನ್ನೊಬ್ಬನ ಪಾಲಿಗೆ. ಬೈಕು ನನ್ನದೇ. ಪೆಟ್ರೋಲಿಗೆ ಕಂಪನಿ ಕೊಡುತ್ತಿದ್ದುದು ಒಂದೂವರೆ ಸಾವಿರ, ಖರ್ಚಾಗುತ್ತಿದ್ದುದು ಎರಡೂಮುಕ್ಕಾಲು ಸಾವಿರ. ಹೆಚ್ಚಿನ ಹಣ ಕೊಡಿ ಎಂದು ಬಂಕಿನ ಚೀಟಿ ಕಳಿಸಿದರೆ, ‘ಅಕ್ಷರ ಅಳಿಸಿಹೋಗಿದೆ, ಬೇರೆ ಚೀಟಿ ಕಳಿಸಿ’ ಎಂದು ವಾಪಸ್ಸು ಬರುತ್ತಿತ್ತು. ಪೆಟ್ರೋಲ್ ಹಾಕಿಸಿ ತಿಂಗಳಾದ ಮೇಲೆ ಬೇರೆ ಚೀಟಿಯನ್ನು ಯಾವ ಬಂಕಿನವನು ಕೊಡುತ್ತಾನೆ?

ನಮ್ಮ ಮನೆ ಗುತ್ತಲಿನಲ್ಲಿ. ಅಬ್ಬ ಮಂಡ್ಯದ ಪೇಟೆಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡು ತಗಡಿನ ಕೆಲಸ ಮಾಡುತ್ತಿದ್ದರು. ನಾನು ಆ ಅಂಗಡಿಯಲ್ಲಿ ಕೂರಬಾರದೆಂದೇ ಅವರು ನನ್ನನ್ನು ಓದಿಸಿದ್ದು. ಆದರೆ ಪ್ರತಿ ತಿಂಗಳು ಇಪ್ಪತ್ತನೇ ತಾರೀಕಿನ ಆಸುಪಾಸಿಗೆ ನನ್ನ ಜೇಬು ಬರಿದಾಗುತ್ತಿತ್ತು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಅಬ್ಬ ಕೈಯಲ್ಲಿ ನೋಟು ಹಿಡಿದು, “ಎಂಜಿನಿಯರ್ ಸಾಹೇಬ್ರೇ, ಇವತ್ತು ಪೆಟ್ರೋಲ್ ಎಷ್ಟರದು?” ಎಂದು ಅದರಲ್ಲೇ ಕೇಳುತ್ತಿದ್ದರು. ಅವರು ತಮಾಷೆಗೆ ಕೇಳುತ್ತಿದ್ದರೋ ಚುಚ್ಚಲು ಕೇಳುತ್ತಿದ್ದರೋ, ನನಗಂತೂ ಮೈ ಉರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಆ ಕೂಲರ್ ನನ್ನ ಬೆನ್ನು ಹತ್ತಿತು. ಮಳವಳ್ಳಿಯಿಂದ ಮುತ್ತತ್ತಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಮಹಿಳೆಯರೇ ನಡೆಸುವ ಹಾಲಿನ ಸಂಘ. ನಮ್ಮ ಕಂಪನಿಯ ಎರಡು ಸಾವಿರ ಲೀಟರಿನ ಕೂಲರ್ ಅಲ್ಲಿತ್ತು. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಅದನ್ನು ಮೂರು ಗಂಟೆಯೊಳಗೆ ನಾಲ್ಕು ಡಿಗ್ರಿಗೆ ಇಳಿಸಬೇಕು, ಇಲ್ಲದಿದ್ದರೆ ಬೆಳಿಗ್ಗೆ ಟ್ಯಾಂಕರ್ ಬರುವಷ್ಟರಲ್ಲಿ ಹುಳಿಯಾಗುತ್ತದೆ. ಬೇಸಿಗೆ ಶುರುವಾದಾಗಿನಿಂದ ಆ ಕೂಲರ್ ಕೆಲವು ದಿನ ಸಂಜೆ ಹೊತ್ತಿಗೆ ತಾನಾಗಿ ನಿಂತುಬಿಡುತ್ತಿತ್ತು.

ಅವರು ಫೋನ್ ಮಾಡುತ್ತಿದ್ದುದು ರಾತ್ರಿ, ನಾನು ಹೋಗುತ್ತಿದ್ದುದು ಮರುದಿನ ಮಧ್ಯಾಹ್ನ. ಹೋಗಿ ಬರಲು ನೂರು ಕಿಲೋಮೀಟರಿಗೂ ಮೇಲೆ. ಅಷ್ಟರೊಳಗೆ ಅವರು ಹಾಲನ್ನು ಪಕ್ಕದೂರಿನ ಕೂಲರಿಗೆ ಸಾಗಿಸಿ ಉಳಿಸಿಕೊಂಡಿರುತ್ತಿದ್ದರು. ಹೋದಾಗ ಯಂತ್ರ ನಿಂತಿದ್ದು ಬಿಟ್ಟರೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಕೂಲರಿನಲ್ಲಿ ಹೈ ಪ್ರೆಶರ್ ಸ್ವಿಚ್ ಎಂಬುದೊಂದಿದೆ. ಹಾಲಿನಿಂದ ಎಳೆದುಕೊಂಡ ಬಿಸಿಯನ್ನು ಯಂತ್ರ ಹೊರಗೆ ಬಿಡಲಾಗದಿದ್ದರೆ ಒಳಗಿನ ಗ್ಯಾಸಿನ ಒತ್ತಡ ಏರುತ್ತದೆ. ಅದು ಮಿತಿ ಮೀರಿದರೆ ಈ ಸ್ವಿಚ್ ಯಂತ್ರವನ್ನು ನಿಲ್ಲಿಸುತ್ತದೆ. ಅದರ ಕೆಂಪು ಗುಂಡಿ ಒತ್ತಿದರೆ ಮತ್ತೆ ಶುರು, ಆದರೆ ಕಂಪನಿಯವರ ಹೊರತು ಬೇರೆಯವರು ಅದನ್ನು ಮುಟ್ಟಬಾರದೆಂಬ ನಿಯಮ. ನಾನು ಗುಂಡಿ ಒತ್ತುತ್ತಿದ್ದೆ, ಧೂಳು ಒರೆಸುತ್ತಿದ್ದೆ, ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ಹೊರಡುತ್ತಿದ್ದೆ. ಎರಡು ತಿಂಗಳಲ್ಲಿ ಏಳು ಸಲ ಹೀಗೆ ಮಾಡಿದೆ. ಕೊಡುವ ಸಂಬಳಕ್ಕೆ ಇಷ್ಟು ಕೆಲಸ ಸಾಕು ಎಂಬುದು ನನ್ನ ಆಗಿನ ಲೆಕ್ಕಾಚಾರ.

ಸಂಘದ ಕಾರ್ಯದರ್ಶಿ ಜಯಮ್ಮ. ಐವತ್ತರ ಹತ್ತಿರದ, ಮುಲಾಜಿಲ್ಲದ ಹೆಂಗಸು. ಏಳನೇ ಸಲ ಸಹಿ ಹಾಕುವಾಗ ಪೆನ್ನು ಎತ್ತಿ ಹಿಡಿದು ಕೇಳಿದರು: “ಏನಪ್ಪಾ ನೀನು, ಬತ್ತೀಯ, ಗುಂಡಿ ಒತ್ತೀಯ, ಓಯ್ತೀಯ. ಆ ಗುಂಡಿ ಒತ್ತಕ್ಕೆ ನಮ್ಗೇ ಬರಾಕಿಲ್ವಾ?”

ನನಗೆ ಸಿಟ್ಟು ಬಂತು. ಆಕೆ ಹೇಳಿದ್ದು ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಬಂತು.

ಮರುವಾರ ಸಾಗಿಸಲು ಗಾಡಿ ಸಿಗದೆ ಒಂಬೈನೂರು ಲೀಟರ್ ಹಾಲು ಕೆಟ್ಟಿತು. ಡೇರಿಯವರು ಟ್ಯಾಂಕರಿಗೆ ತುಂಬಿಸಿಕೊಳ್ಳದೆ ಹೋದರು. ಅಷ್ಟು ಹಾಲನ್ನು ಹೆಂಗಸರು ಚರಂಡಿಗೆ ಸುರಿದರಂತೆ. ಆಗ ನಮ್ಮ ಮ್ಯಾನೇಜರ್ ಫೋನ್ ಮಾಡಿದರು. “ಕಂಪ್ರೆಸರ್ ಹೋಗಿದೆ ಅಂತ ರಿಪೋರ್ಟ್ ಬರೀರಿ. ಅರವತ್ತೆಂಟು ಸಾವಿರ ಕೊಟೇಶನ್ ಕಳಿಸ್ತೀನಿ. ಆರ್ಡರ್ ಆದ್ರೆ ನಿಮಗೆ ಎರಡು ಸಾವಿರ ಇನ್ಸೆಂಟಿವ್.”

ಕಂಪ್ರೆಸರ್ ಎಂದರೆ ಕೂಲರಿನ ಎದೆಗುಂಡಿಗೆ. ಅದು ಹೋಗಿರಲಿಲ್ಲ. ಅದರ ಸದ್ದು, ಅದು ಎಳೆಯುವ ಕರೆಂಟು, ಎಲ್ಲವೂ ಸರಿಯಾಗಿದ್ದವು. ಅದು ನನಗೆ ಗೊತ್ತಿತ್ತು. ಎರಡು ಸಾವಿರ ಎಂದರೆ ನನ್ನ ಸಂಬಳದ ಹೆಚ್ಚುಕಮ್ಮಿ ಕಾಲು ಭಾಗ ಎಂಬುದೂ ಗೊತ್ತಿತ್ತು. ಅಂದು ಮಳವಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಕೂತು ಆ ರಿಪೋರ್ಟು ಬರೆದೇಬಿಟ್ಟಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಸಹಿ ಒಂದು ಬಾಕಿ ಇತ್ತು, ಅದನ್ನು ಸಂಘದಲ್ಲೇ ಹಾಕೋಣ ಎಂದು ಹೊರಟೆ.

ಜಯಮ್ಮ ರಿಪೋರ್ಟನ್ನು ನಿಧಾನವಾಗಿ ಓದಿ, ಖರ್ಚೆಷ್ಟೆಂದು ಕೇಳಿ ತಿಳಿದುಕೊಂಡರು. “ಅರವತ್ತೆಂಟು ಸಾವ್ರ ಅಂದ್ರೆ ಒಬ್ಬೊಬ್ರ ಆಲಿನ ಬಟವಾಡೆಲೂ ಇಡ್ಕೋಬೇಕು. ಇಡ್ಕೊಳಾನ. ಆದ್ರೆ ನೀನೇ ಏಳಪ್ಪಾ, ಎದೆ ಮುಟ್ಕೊಂಡು ಏಳು. ಒಸದು ಆಕುದ್ರೆ ಇದು ನಿಲ್ಲಾದು ತಪ್ತದಾ?”

ನಿಲ್ಲುವುದೇಕೆ ಎಂದೇ ಗೊತ್ತಿಲ್ಲದವನು ತಪ್ಪುತ್ತದೆಂದು ಹೇಗೆ ಹೇಳಲಿ? ಆ ಕ್ಷಣ ನನ್ನಲ್ಲಿ ಯಾವ ಪ್ರಾಮಾಣಿಕತೆಯೂ ಉಕ್ಕಿ ಬರಲಿಲ್ಲ. ಬಂದದ್ದು ರೋಸಿಹೋದವನ ಹಟ. “ಇವತ್ತು ಸಂಜೆವರೆಗೂ ಇಲ್ಲೇ ಕೂತ್ಕೋತೀನಿ. ಅದು ಹೇಗೆ ನಿಲ್ಲುತ್ತೋ ನೋಡೇಬಿಡ್ತೀನಿ” ಎಂದೆ.

ಐದೂವರೆಗೆ ಹೆಂಗಸರು ಕ್ಯಾನು, ಸ್ಟೀಲ್ ಬಿಂದಿಗೆ ಹಿಡಿದು ಬರತೊಡಗಿದರು. ನಾನು ಒಳಗೆ ಯಂತ್ರದ ಪಕ್ಕ, ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ ಕೂತಿದ್ದೆ. ಮುಳ್ಳು ಇನ್ನೂರೈವತ್ತರಲ್ಲಿ ನಿಂತಿತ್ತು, ಅದು ಸರಿಯಾದ ಒತ್ತಡ. ಆರು ಗಂಟೆ ದಾಟುವವರೆಗೂ ಮುಳ್ಳು ಅಲ್ಲಿಂದ ಕದಲಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಏರಲು ಶುರುವಾಯಿತು. ಮುನ್ನೂರು, ಮುನ್ನೂರೈವತ್ತು. ಮುನ್ನೂರ ಎಂಬತ್ತಕ್ಕೆ ಟಕ್ ಎಂದು ಯಂತ್ರ ನಿಂತಿತು.

ಎದ್ದು ಗೋಡೆ ಸುತ್ತಿ ಆಚೆ ಬದಿಗೆ ಓಡಿದೆ. ಯಂತ್ರದ ಬಿಸಿಗಾಳಿ ಹೊರಗೆ ಹೋಗಲೆಂದು ಗೋಡೆಯಲ್ಲಿ ದೊಡ್ಡದೊಂದು ಜಾಲರಿ ಇಟ್ಟಿದ್ದರು. ಅದು ತೆರೆಯುವುದು ಹೆಂಗಸರು ಸಾಲು ನಿಲ್ಲುವ ಜಗಲಿಗೆ. ಆ ಜಾಲರಿಗೆ ಈಗ ಅಡ್ಡಲಾಗಿ ಒಂದು ಫ್ಲೆಕ್ಸ್ ಬಿಗಿದಿತ್ತು. ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಶುಭ ಕೋರುವ, ಹತ್ತಾರು ಮುಖಗಳಿರುವ ಹಳೆಯ ಫ್ಲೆಕ್ಸು.

“ಯಾರ್ರೀ ಇದನ್ನ ಕಟ್ಟಿದ್ದು?” ಎಂದು ಕೂಗಿಬಿಟ್ಟೆ.

ಸಾಲಿನ ಮುಂದೆ ನಿಂತಿದ್ದ ಅಜ್ಜಿ ಒಬ್ಬರು ಗಾಬರಿಯಾಗದೆ ಹೇಳಿದರು: “ನಾವೇ ಕಟ್ಟುದ್ದು ಕಣಪ್ಪ. ಸೆಕೆ ಜಾಸ್ತಿ ಆದ್ ದಿನ ಬಿಸಿಗಾಳಿ ಮಕುಕ್ಕೇ ಒಡೀತದೆ, ನಿಂತ್ಕಳಕ್ಕಾಯ್ತದಾ? ಆಲು ಆಕಾದು ಮುಗುದ್ಮೇಲೆ ಬಿಚ್ಬುಡ್ತೀವಿ.”

“ಏಳು ಸಲ ಬಂದಿದ್ದೀನಲ್ಲಾ, ಒಂದು ದಿನವಾದರೂ ಹೇಳಬಾರದಿತ್ತಾ?”

“ನೀನು ಕೇಳುದ್ಯಾ?” ಎಂದರು ಅಜ್ಜಿ. “ಕೇಳಿದ್ರೆ ಏಳ್ತಿರ್ನಿಲ್ವಾ?”

ಹೆಂಗಸರೆಲ್ಲ ನಕ್ಕರು. ಜಯಮ್ಮ ಒಬ್ಬರೇ ನಗಲಿಲ್ಲ. ಒಂಬೈನೂರು ಲೀಟರ್ ಹಾಲನ್ನು ನೆನೆಯುತ್ತಿದ್ದರೇನೋ, ಹಣೆಗೆ ಕೈ ಹಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರನ್ನು ನೋಡಿದ ಮೇಲೆ ನನ್ನ ಕೂಗಾಟವೂ ಅಡಗಿತು. ಗುಂಡಿ ಒತ್ತಿ ಒಂದೇ ಒಂದು ಸಂಜೆ ಅಲ್ಲಿ ಕಾದಿದ್ದರೆ ಆ ಹಾಲು ಉಳಿಯುತ್ತಿತ್ತು.

ಪರಿಹಾರ ಸುಲಭವಿತ್ತು. ಬಿಸಿಗಾಳಿಯನ್ನು ಹೆಂಗಸರ ತಲೆಯ ಮೇಲಿಂದ ಆಚೆ ಒಯ್ಯುವ ಒಂದು ತಗಡಿನ ಕೊಳವೆ. ಆಫೀಸಿಗೆ ಫೋನ್ ಮಾಡಿ ಕೇಳಿದರೆ, “ಅದು ನಮ್ಮ ಸ್ಕೋಪಿನಲ್ಲಿ ಬರಲ್ಲ, ಗಿರಾಕಿಗಳೇ ಮಾಡಿಸಿಕೊಳ್ಳಲಿ” ಎಂದರು. ಜಯಮ್ಮ, “ಗೊತ್ತಿರೋರು ಯಾರಾದ್ರೂ ಅವ್ರಾ?” ಎಂದರು. ಹೇಳಲು ಸಂಕೋಚವಾಯಿತು, ಆದರೂ ಅಬ್ಬನ ಹೆಸರು ಹೇಳಿದೆ. ಅಬ್ಬ ಮೊದಲು ಬಸ್ಸಿನಲ್ಲಿ ಬಂದು ಅಳತೆ ತೆಗೆದುಕೊಂಡು ಹೋದರು. ಎರಡು ದಿನ ಬಿಟ್ಟು ಕೊಳವೆ ತಂದು ಅರ್ಧ ದಿನದಲ್ಲಿ ಕೂರಿಸಿದರು. ತಗಡು, ಕೂಲಿ ಎಲ್ಲ ಸೇರಿ ಮೂರು ಸಾವಿರದ ಇನ್ನೂರು. ಆ ಬೇಸಿಗೆಯಲ್ಲಿ ಕೂಲರ್ ಮತ್ತೆ ನಿಲ್ಲಲಿಲ್ಲ.

ವಾಪಸ್ಸು ಬರುವಾಗ ಬೈಕಿನ ಹಿಂದೆ ಕೂತಿದ್ದ ಅಬ್ಬ ಎಂದಿನಂತೆ ಚುಚ್ಚುತ್ತಾರೆಂದು ಕಾದೆ. ಅವರು ಕೇಳಿದ್ದು ಬೇರೆಯೇ. “ಏನು ಕೆಟ್ಟಿದೆ ಅಂತ ಕಂಡುಹಿಡಿದವನು ನೀನು. ನನ್ನ ಕೆಲಸಕ್ಕೆ ನಾನು ಬೆಲೆ ಹೇಳಿದೆ, ಕೊಟ್ಟರು. ನಿನ್ನ ಕೆಲಸದ ಬೆಲೆ ಹೇಳೋರು ಯಾರು?”

ಅದಕ್ಕೆ ಉತ್ತರ ಮ್ಯಾನೇಜರ್ ಹತ್ತಿರ ಇತ್ತು. ಮಾರನೆಯ ದಿನ ಅವರು ಬೆಲೆ ಹೇಳಿದರು: “ನಿಮ್ಮಪ್ಪಂಗೆ ಕೆಲಸ ಕೊಡಿಸೋಕೆ ಕಂಪನಿ ನಿಮಗೆ ಸಂಬಳ ಕೊಡ್ತಿದೆಯೇನ್ರೀ?” ಆ ವರ್ಷ ನನಗೆ ಇನ್‌ಕ್ರಿಮೆಂಟ್ ಇಲ್ಲ.

ಕೆಲಸ ಬಿಟ್ಟು ಎದ್ದು ಬಂದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಬಿಡಲಿಲ್ಲ, ಬಿಡುವ ತಾಕತ್ತಿರಲಿಲ್ಲ. ಬದಲಿಗೆ ಒಂದು ಕಿರಿಕಿರಿ ಶುರುಮಾಡಿದೆ. ಪ್ರತಿ ಸರ್ವಿಸ್ ರಿಪೋರ್ಟಿನಲ್ಲೂ ಬೈಕಿನ ಮೀಟರ್ ರೀಡಿಂಗ್ ಬರೆದು, ಸಂಘದವರ ಸಹಿ, ಸೀಲು ಹಾಕಿಸಿ ಕಳಿಸತೊಡಗಿದೆ. ಸೀಲು ಅಳಿಸಿಹೋಗಿದೆ ಎನ್ನಲು ಬರುವುದಿಲ್ಲವಲ್ಲ! ನಾಲ್ಕು ತಿಂಗಳು ಜಗಳವಾಡಿದ ಮೇಲೆ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ಕೊಡಲು ಒಪ್ಪಿದರು. ಹಾಗೆ ಉಳಿದ ಸಾವಿರ ಚಿಲ್ಲರೆ ಕೈಗೆ ಸಿಕ್ಕಿದರೆ ಕರಗುತ್ತದೆಂದು ತಿಳಿದು ಬ್ಯಾಂಕಿನಲ್ಲಿ ತಿಂಗಳು ತಿಂಗಳು ಎರಡು ವರ್ಷದ ಆರ್.ಡಿ. ಕಟ್ಟಿದೆ. ಯಾವ ಊರಿನಲ್ಲಿ ಯಂತ್ರ ನಿಂತರೂ ನಿಜವಾದ ಕಾರಣ ಸಿಗುವವರೆಗೆ ಜಾಗ ಬಿಟ್ಟು ಏಳಲಿಲ್ಲ. ಕಾರಣಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಷ್ಟೋ ಸಲ ತಪ್ಪು ನಮ್ಮ ಕಂಪನಿಯವರು ಯಂತ್ರ ಕೂರಿಸಿದ ರೀತಿಯಲ್ಲೇ ಇರುತ್ತಿತ್ತು. ಭಾನುವಾರ ಖಾಸಗಿಯಾಗಿ ಬಂದು ನೋಡು ಎಂದು ಕೆಲವು ಸಂಘದವರು ಕರೆದರು. ಕಂಪನಿಯ ಸಂಬಳ ತಿನ್ನುವವರೆಗೆ ಅದು ಬೇಡವೆಂದು ಹೋಗಲಿಲ್ಲ.

ಎರಡು ವರ್ಷಕ್ಕೆ ಆರ್.ಡಿ. ಮುಗಿಯಿತು. ಆ ದುಡ್ಡಿನಲ್ಲಿ ಸ್ವಂತ ಗೇಜ್ ಸೆಟ್ಟು, ವ್ಯಾಕ್ಯೂಮ್ ಪಂಪ್ ಕೊಂಡೆ. ನೋಟಿಸ್ ಅವಧಿ ಮುಗಿಸಿ ಕಂಪನಿ ಬಿಟ್ಟು, ಅಬ್ಬನ ಅಂಗಡಿಗೇ ಕೂಲರ್ ರಿಪೇರಿಯ ಬೋರ್ಡು ಹಾಕಿದೆ. ಮೊದಲ ವಾರ ಫೋನ್ ಮಾಡಿದ್ದು ಜಯಮ್ಮ. “ಕೂಲರ್ ನೋಡ್ಕಳಕ್ಕೆ ವರ್ಸುಕ್ಕೆ ಏಟು ಅಂತ ಏಳ್ಬುಡು. ಮೀಟಿಂಗ್ನಲ್ಲಿ ಇಡ್ತೀನಿ.” ಹನ್ನೆರಡು ಸಾವಿರ ಎಂದೆ. ಒಂದು ಪೈಸೆ ಚೌಕಾಶಿ ಮಾಡದೆ ಒಪ್ಪಿದರು. ಆ ವರ್ಷ ಐದು ಸಂಘಗಳು, ಮರುವರ್ಷ ಹತ್ತೊಂಬತ್ತು. ಇವತ್ತು ಎಂಟು ಜನ ನನ್ನ ಜೊತೆ ಕೆಲಸ ಮಾಡುತ್ತಾರೆ. ಗುತ್ತಲಿನ ಮನೆಗೆ ಮಹಡಿ ಬಂದಿದೆ.

ಹೋದ ವರ್ಷ ಭಾರತೀನಗರದ ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು. ಶ್ರಮ, ತಾಳ್ಮೆ ಎಂದೆಲ್ಲ ಹೇಳುತ್ತೇನೆಂದು ಪ್ರಾಂಶುಪಾಲರ ನಿರೀಕ್ಷೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಕಂಪನಿಯವ್ರು ಹತ್ತು ಸಾವಿರ ಸಂಬಳ ಕೊಡ್ತೀವಿ ಅಂತಾರೆ. ಓಗಾದಾ ಬುಡಾದಾ?” ಎಂದು ಕೇಳಿದಳು. ಹಿತವಾದ ಉತ್ತರವೊಂದನ್ನು ಕೊಟ್ಟು ಚಪ್ಪಾಳೆ ತಟ್ಟಿಸಿಕೊಳ್ಳಲು ಮನಸ್ಸು ಬರಲಿಲ್ಲ. ಕಮ್ಮಿ ಸಂಬಳ ಕೊಡುವವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನನ್ನ ಪೆಟ್ರೋಲಿನ ದುಡ್ಡು ತಿಂದವರು ನನಗೇನೂ ಪಾಠ ಕಲಿಸಲು ತಿಂದದ್ದಲ್ಲ.

ಅವಳಿಗೆ ಇಷ್ಟೇ ಹೇಳಿದೆ: “ಬೇರೆ ದಾರಿ ಇಲ್ಲದಿದ್ದರೆ ಹೋಗಮ್ಮ. ಸಂಬಳ ಸಾಲದು ಅಂತ ಪ್ರತಿ ತಿಂಗಳೂ ಜಗಳ ಮಾಡು, ಬರವಣಿಗೆಯಲ್ಲಿ ಮಾಡು. ಆದರೆ ಆ ಸಿಟ್ಟನ್ನು ಕೆಲಸದ ಮೇಲೆ ತೀರಿಸಿಕೊಳ್ಳಬೇಡ. ನಾನು ಎರಡು ತಿಂಗಳು ಹಾಗೆ ಮಾಡಿದೆ. ಕಂಪನಿಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಹಾಲು ಚೆಲ್ಲಿಕೊಂಡವರು ಆ ಊರಿನ ಹೆಂಗಸರು.”