ಸಂಘದ ನಡುಗುವ ಪೆಟ್ಟಿಗೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಳೆಯ ಧ್ವನಿವರ್ಧಕದಲ್ಲಿ ಯಾರು ಮಾತನಾಡಿದರೂ ಸ್ವರ ನಡುಗುತ್ತಿತ್ತು. ಅಧ್ಯಕ್ಷರದು ನಡುಗಿದರೆ ಅದು ನಾಡಪ್ರೇಮ. ಉಡುಪಿಯ ನನ್ನ ತಾಯಿಯದು ನಡುಗಿದರೆ ಹೆಂಗಸರ ಪುಕ್ಕಲುತನ. ಈ ಅನ್ಯಾಯದ ತೀರ್ಪಿನಿಂದಾಗಿ ಅಮ್ಮನಿಗೆ ಮತ್ತೆ ಮೈಕ್ ಸಿಗಲೇ ಇಲ್ಲ.

ಕಳೆದ ವರ್ಷ ಆ ಪೆಟ್ಟಿಗೆ ಮೂಕವಾಯಿತು. ದುರಸ್ತಿಯಾಗುವುದನ್ನು ಗುಜರಿಗೆ ಹಾಕುವುದು ತಪ್ಪೆಂದು ವಾದಿಸಿ, ನಾನೇ ಮನೆಗೆ ತಂದು ಬಿಚ್ಚಿದೆ. ತಯಾರಕರ ಹೆಸರು ಎಲ್ಲಿಯೂ ಇರಲಿಲ್ಲ. ತಂತಿಗಳ ಜಾಡು ಹಿಡಿದು ಹೋದಾಗ, ಸ್ವರವನ್ನು ಬೇಕೆಂದೇ ಅಲುಗಿಸುವ ಸರ್ಕಿಟ್ ಸಿಕ್ಕಿತು. ಇಷ್ಟು ವರ್ಷ ನಾವು ಭಾಷಣ ಮಾಡಿದ್ದು ಗಿಟಾರಿನ ವಾಲ್ವ್ ಆಂಪ್ಲಿಫೈಯರಿನಲ್ಲಿ! ಗಿಟಾರ್ ನುಡಿಸುವವರಿಗೆ ಆ ನಡುಕವೇ ಬೇಕಂತೆ. ಅಲುಗಾಟದ ಗುಂಡಿ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಸೊನ್ನೆಗೆ ತಿರುಗಿಸಿ, ಪಕ್ಕದ ಕಲ್ಯಾಣದ ಹಳೆಯ ರೇಡಿಯೊ ಅಂಗಡಿಯಿಂದ ತಂದ ಗಾಜಿನ ವಾಲ್ವನ್ನು ಸುಟ್ಟುಹೋದದ್ದರ ಜಾಗದಲ್ಲಿ ಕೂರಿಸಿದೆ.

ರಾಜ್ಯೋತ್ಸವದಂದು ಅಧ್ಯಕ್ಷರ ಸ್ವರ ಚೂರೂ ನಡುಗಲಿಲ್ಲ.

"ಏನ್ರೀ ಸಾಹೇಬ್ರ, ಈ ಸಲ ಭಾವನಾನ ಇಲ್ಲಲ್ರೀ!" ಎಂದು ಧಾರವಾಡದ ಹಿರಿಯರೊಬ್ಬರು ಹಿಂದಿನಿಂದ ಕೂಗಿದರು.

ನಾನು ಎದ್ದು ಕಾರಣವನ್ನು ವಿವರಿಸಿ, ಅಮ್ಮನಿಗೂ ಮೈಕ್ ಕೊಡಬೇಕೆಂದು ಪಟ್ಟು ಹಿಡಿದೆ. ಸಭೆ ಚಪ್ಪಾಳೆ ತಟ್ಟಿತು.

ಅಮ್ಮ ವೇದಿಕೆ ಹತ್ತಿ, ಗಂಟೆಯಂಥ ಸ್ವರದಲ್ಲಿ ಹೇಳಿದಳು: "ಅಧ್ಯಕ್ಷರೇ, ನೀವು ಕೂತ್ಕೊಳ್ಳಿ. ನಂದು ಸ್ವಲ್ಪ ಉದ್ದ ಉಂಟು."