ಬರಿಮೈ ಗೋಡೆ

"ಗಿಲಾವ್ ಯಾವಾಗ ಮಾಡಸ್ತೀರಿ ಮಾಸ್ತರ?"

ಬೈಲಹೊಂಗಲದ ನಮ್ಮ ಮನೆಯ ಮುಂದೆ ಹಾಯ್ದು ಹೋದವರೆಲ್ಲ ಕೇಳುತ್ತಿದ್ದ ಮಾತು ಇದು. ಹಾಲು ಹಾಕುವವಳು ಕೇಳುತ್ತಿದ್ದಳು, ಪೋಸ್ಟಿನವನು ಕೇಳುತ್ತಿದ್ದ, ಎದುರು ಮನೆಯ ಅಜ್ಜಿಗಂತೂ ಮುಂಜಾನೆ ಇದನ್ನು ಕೇಳದಿದ್ದರೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗೋಡೆಗೆ ಸಿಮೆಂಟು ಮೆತ್ತಿ ನುಣ್ಣಗೆ ಮಾಡುವುದಕ್ಕೆ ನಮ್ಮ ಕಡೆ ಗಿಲಾವ್ ಅನ್ನುತ್ತಾರೆ. ಗಿಲಾವ್ ಇಲ್ಲದ ಮನೆ ಎಂದರೆ ಊರವರಿಗೆ ಒಂದೇ ಅರ್ಥ. ಕಟ್ಟಲು ಹೋದರು, ಕೈ ಖಾಲಿಯಾಯಿತು, ಮನೆ ಅರ್ಧಕ್ಕೆ ನಿಂತಿತು. ಬೇಕೆಂದೇ ಯಾರಾದರೂ ಗೋಡೆಯನ್ನು ಹಾಗೆ ಬಿಟ್ಟಾರು ಎಂದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ನಮ್ಮ ಅಪ್ಪ ಬೇಕೆಂದೇ ಬಿಟ್ಟಿದ್ದ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಹೊಸ ಬಡಾವಣೆಯಲ್ಲಿ ಎಲ್ಲರೂ ಸ್ಲ್ಯಾಬಿನ ಮನೆ ಏರಿಸಿ, ಮೇಲೆ ಗುಲಾಬಿ ಬಣ್ಣವನ್ನೋ ಹಸಿರು ಬಣ್ಣವನ್ನೋ ಬಳಿಸುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಪ್ಪ ಮಣ್ಣಿನ ಮನೆ ಕಟ್ಟುವುದನ್ನು ಹೇಳಿಕೊಡುವ ಯಾವುದೋ ಶಿಬಿರಕ್ಕೆಂದು ಧಾರವಾಡಕ್ಕೆ ಹೋಗಿ ಬಂದ. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ರಾಮಾಯಣ. "ಮಂದಿ ಧಾರವಾಡಕ್ಕ ಹೋದ್ರ ಫೇಡೆ ತರತಾರ, ಇವರು ತಲಿಯಾಗ ಮಣ್ಣ ತುಂಬಕೊಂಡ ಬಂದಾರ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ನಮ್ಮ ಸುತ್ತಲಿನ ಎರೆಮಣ್ಣು ಒಣಗಿದರೆ ಸೀಳುತ್ತದೆ, ಇಟ್ಟಿಗೆಗೆ ಬರುವುದಿಲ್ಲ ಎಂದು ಅಪ್ಪ ಕಿತ್ತೂರಿನ ಕಡೆಯಿಂದ ಕೆಂಪು ಮಣ್ಣು ತರಿಸಿದ. ಗಾಜಿನ ಬಾಟಲಿಗಳಲ್ಲಿ ಮಣ್ಣು, ನೀರು ಹಾಕಿ ಅಲುಗಾಡಿಸಿ ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದ. ಉಸುಕು ಎಷ್ಟು ಕೆಳಗೆ ಕೂತಿತು, ಜೇಡಿ ಎಷ್ಟು ಮೇಲೆ ನಿಂತಿತು ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಗ್ಗರಣೆಗೆ ಎಣ್ಣೆ ಹುಡುಕಲು ಹೋದ ಅವ್ವನ ಕೈಗೆ ದಿನಾ ಮಣ್ಣಿನ ಬಾಟಲಿಯೇ ಸಿಗುತ್ತಿತ್ತು. ಕೊನೆಗೆ ಆ ಮಣ್ಣಿಗೆ ಒಂದಿಷ್ಟು ಉಸುಕು, ಸ್ವಲ್ಪ ಸುಣ್ಣ ಕೂಡಿಸಿ, ಕೈಯಿಂದ ಒತ್ತುವ ಮಶೀನಿನಲ್ಲಿ ಇಟ್ಟಿಗೆ ಮಾಡಿಸಿದ. ಭಟ್ಟಿಯಲ್ಲಿ ಸುಡಿಸಲಿಲ್ಲ. ಗೋಣಿಚೀಲ ಹೊದಿಸಿ, ನೀರು ಚಿಮುಕಿಸಿ, ಬಾಣಂತಿ ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಬುನಾದಿ ಕಲ್ಲಿನದು, ಮೇಲೆ ಹಂಚು, ನೆಲಕ್ಕೆ ಫರ್ಸಿ ಕಲ್ಲು. ಗೋಡೆಗೆ ಮಾತ್ರ ಏನೂ ಇಲ್ಲ. ಒಳಗೂ ಹೊರಗೂ ಕೆಂಪಗೆ, ಬರಿಮೈ.

ಮಂದಿ ಸುಮ್ಮನೆ ಬಿಡುತ್ತಾರೆಯೇ? "ಮಳಿಗೆ ಕರಗಂಗಿಲ್ಲೇನ್ರಿ?" ಎಂದರೆ ಅಪ್ಪ ಬಕೆಟ್ಟು ತಂದು ಅವರೆದುರಿಗೇ ಗೋಡೆಗೆ ನೀರು ಉಗ್ಗುತ್ತಿದ್ದ. "ಮೊಳಿ ನಿಲ್ಲತೈತೇನ್ರಿ?" ಎಂದರೆ ಮೊಳೆ ಹೊಡೆದು ತನ್ನ ಸಾಲೆಯ ಚೀಲವನ್ನು ತೂಗುಹಾಕುತ್ತಿದ್ದ. ಗೆದ್ದಲು ಹತ್ತುವುದಿಲ್ಲವೇ, ಇಲಿ ಕೊರೆಯುವುದಿಲ್ಲವೇ, ಮೇಲೊಂದು ಅಂತಸ್ತು ಏರಿಸಬಹುದೇ, ಎಷ್ಟು ವರ್ಷ ಬಾಳುತ್ತದೆ, ಎಲ್ಲದಕ್ಕೂ ಅವನ ಹತ್ತಿರ ಉತ್ತರವಿತ್ತು. ಬಂದವರು ಹೌದೌದೆಂದು ತಲೆಯಾಡಿಸುತ್ತಿದ್ದರು. ಗೇಟು ದಾಟುವಾಗ ಮತ್ತೆ, "ಅದೆಲ್ಲಾ ಖರೇರಿ, ಗಿಲಾವ್ ಯಾವಾಗ?" ಎನ್ನುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನಾನಾಗ ಕಾಲೇಜು ಮುಗಿಸುವುದರಲ್ಲಿದ್ದೆ. ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟಿದ್ದೆ. ಬಸ್ಸಿನಿಂದ ಇಳಿದು, ಅವರೆಲ್ಲ ಮುಂದೆ ಹೋಗುವತನಕ ಅಂಗಡಿಯಲ್ಲಿ ಏನೋ ಕೊಳ್ಳುವವಳ ಹಾಗೆ ನಿಂತು, ಆಮೇಲೆ ಮನೆಯ ಓಣಿಗೆ ತಿರುಗುತ್ತಿದ್ದೆ. ಒಮ್ಮೆ ಊಟಕ್ಕೆ ಕೂತಾಗ ತಡೆಯಲಾಗದೆ, "ಅಪ್ಪಾ, ಮುಂದಿನ ಗ್ವಾಡಿಗಷ್ಟರ ಗಿಲಾವ್ ಮಾಡಸು. ಮಂದಿ ನಗಾಕ ಹತ್ಯಾರ" ಎಂದೆ.

"ಸಿಮಿಟ್ ಮೆತ್ತಿದ್ರ ಒಳಗಿನ ತ್ಯಾವ ಹೊರಗ ಹೋಗಂಗಿಲ್ಲವ್ವಾ. ಗ್ವಾಡಿ ಉಸಿರಾಡಬೇಕು."

"ಗ್ವಾಡಿ ಉಸಿರಾಡಲಿ. ನಮಗ ಓಣ್ಯಾಗ ಉಸಿರಾಡಾಕ ಆಗವಲ್ದು!"

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪನೂ ನಕ್ಕ. ನಾನು ತಾಟು ಬಿಟ್ಟು ಎದ್ದೆ.

ನಗುವ ಮಾತಾಗಿ ಉಳಿದಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಲು ರಾಮದುರ್ಗದ ಕಡೆಯಿಂದ ಒಂದು ಸಂಬಂಧ ಬಂತು. ಅವರು ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಸುತ್ತ ಗೋಡೆ ನೋಡಿದರು. "ಮೊದಲ ಮನಿ ಮುಗಿಸಿಕೋರಿ, ಆಮ್ಯಾಲ ಮದವಿ ಮಾತ ಆಡೂಣಂತ" ಎಂದು ಎದ್ದು ಹೋದರು. ಆ ಹುಡುಗನ ಮುಖ ಕೂಡ ನನಗೆ ನೆನಪಿಲ್ಲ. ಆದರೆ ಆ ಮಾತು ಕೇಳಿ ಅಡಿಗೆಮನೆಯಲ್ಲಿ ಹೇಗೆ ಕುಗ್ಗಿ ನಿಂತಿದ್ದೆ ಎಂಬುದು ನೆನಪಿದೆ.

ಎರಡನೆಯ ಸಲ ಬಂದವರು ಹೂಲಿಯ ಹತ್ತಿರದ ಹಳ್ಳಿಯವರು. ಹೊಲಮನೆ ಇದ್ದವರು. ಹುಡುಗ ಸವದತ್ತಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಮುಚ್ಚುಮರೆ ಯಾಕೆ, ಹುಡುಗ ನನ್ನ ಮನಸ್ಸಿಗೆ ಬಂದ. ಚಹಾದ ಕಪ್ಪು ತೆಗೆದುಕೊಳ್ಳುವಾಗ ಅವನ ಉಗುರಿನ ಸಂದಿಯಲ್ಲಿ ಕರಿ ಗ್ರೀಸು ಉಳಿದಿತ್ತು. ನಾನು ಅದನ್ನು ನೋಡಿದ್ದು ಅವನಿಗೆ ಗೊತ್ತಾಗಿ ಬೆರಳು ಮಡಚಿಕೊಂಡ. ಮದುವೆಯಾದರೆ ಇವನನ್ನೇ ಎಂದು ಅಲ್ಲಿಯೇ, ಆ ಟ್ರೇ ಹಿಡಿದುಕೊಂಡೇ ಅಂದುಕೊಂಡೆ. ಹಾಗಂದುಕೊಂಡ ಕೂಡಲೇ ಗೋಡೆಯ ಭಯ ಹತ್ತಿತು.

ಹುಡುಗನ ತಂದೆ, ಮುಂದೆ ನನಗೆ ಮಾವನವರಾದವರು, ಬಿಳಿ ರುಮಾಲು ಸುತ್ತಿದ ಹಿರಿಯರು, ಮಿತಮಾತಿನವರು. ಕುಳಿತಲ್ಲಿಂದಲೇ ಗೋಡೆಯ ಮೇಲೆ ಅಂಗೈ ಆಡಿಸಿ, "ಆಗತೈತಿ ಬಿಡ್ರಿ ಮಾಸ್ತರ. ಎಲ್ಲಾರಿಗೂ ಎಲ್ಲಾ ಒಮ್ಮಿಗೇ ಆಗಂಗಿಲ್ಲ" ಎಂದರು.

ಅಪ್ಪ ಹ್ಞೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಎಲ್ಲಿ ಅಂತಾನೆ?

"ಹಂಗಲ್ರಿ. ಇದು ಹಿಂಗ ಇರೂದರಿ. ಗಿಲಾವ್ ನಾನ ಬ್ಯಾಡಂದೇನಿ."

"ಹೌದ್ರಿ, ಹೌದ್ರಿ."

"ಬ್ಯಾಸಗ್ಯಾಗ ಒಳಗ ತಂಪ ಇರತೈತ್ರಿ."

"ಇರತೈತ್ರಿ, ಇರತೈತ್ರಿ."

"ಮಣ್ಣಿನ ಗ್ವಾಡಿ ಉಸಿರಾಡಬೇಕರಿ."

ಮಾವನವರು ತಲೆ ತಗ್ಗಿಸಿ ಫರ್ಸಿ ನೋಡತೊಡಗಿದರು. ಹುಡುಗನ ಸೋದರತ್ತೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ಅಯ್ಯ ಶಿವನೇ, ಅಪ್ಪ ಆಡಿದ ಒಂದೊಂದು ಮಾತೂ ಇಲ್ಲದವನು ಮಾನ ಮುಚ್ಚಿಕೊಳ್ಳಲು ಆಡುವ ಮಾತಿನ ಹಾಗೆಯೇ ಕೇಳುತ್ತಿತ್ತು. ಅವನು ಹೆಚ್ಚು ಹೇಳಿದಷ್ಟೂ ಅವರ ಮುಖದ ಮೇಲೆ ಕನಿಕರ ಹೆಚ್ಚಾಗುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರಕ್ಕೆ ಏನು ಮಾಡುವುದು? ನೆಲ ಬಾಯಿ ಬಿಟ್ಟಿದ್ದರೆ ಟ್ರೇ ಸಮೇತ ಒಳಗೆ ಇಳಿದುಬಿಡುತ್ತಿದ್ದೆ.

ಈ ಸಂಬಂಧವೂ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಹುಡುಗಿ ಒಪ್ಪಿಗೆ ಎಂದು ಹೇಳಿ ಕಳಿಸಿದರು. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಗಬೇಕೆಂದು ಮಾತಾಯಿತು. ಆ ರಾತ್ರಿ ನಾನು ನಿದ್ದೆಯಲ್ಲೂ ನಗುತ್ತಿದ್ದೆ ಎಂದು ಅವ್ವ ಆಮೇಲೆ ಕಾಡಿಸಿದಳು.

ಸ್ವಲ್ಪ ದಿನಕ್ಕೆ, ಒಂದು ಮುಂಜಾನೆ ನಾನು ಅಂಗಳ ಗುಡಿಸುತ್ತಿದ್ದೆ. ಮನೆಯ ಮುಂದೆ ಟ್ರ್ಯಾಕ್ಟರು ಬಂದು ನಿಂತಿತು. ಟ್ರೇಲರಿನ ತುಂಬ ಮಲಪ್ರಭೆಯ ಉಸುಕು, ಉಸುಕಿನ ಮೇಲೆ ಸಿಮೆಂಟಿನ ಚೀಲಗಳು, ಚೀಲಗಳ ಮೇಲೆ ಗಾರೆ ಕೆಲಸದ ಇಬ್ಬರು ಗೌಂಡಿಗಳು. ಮುಂದೆ ಡ್ರೈವರನ ಪಕ್ಕದಲ್ಲಿ ಮಾವನವರು, ರುಮಾಲಿನ ತುಂಬ ಧೂಳು.

ಅವರು ಇಳಿದು ಅಪ್ಪನ ಎರಡೂ ಕೈ ಹಿಡಿದುಕೊಂಡರು. "ಬೀಗರ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮೂರಾಗ ಒಂದ ಮನಿ ಎದ್ದರ ಎಲ್ಲಾರೂ ಒಂದೊಂದ ಕೈ ಹಚ್ಚತಾರ. ಇವತ್ತ ನಾ ನಿಮಗ, ನಾಳೆ ನೀವ ನಮಗ. ನಿಶ್ಚೇಕ್ಕ ಕಟಕೋಳದಿಂದ ನಮ್ಮ ಮಂದಿ ಬರತಾರ, ಅವರ ಬಾಯಿ ಭಾಳ ಕೆಟ್ಟದ್ದು. ನಮ್ಮ ಸೊಸಿ ತವರಮನಿ ಗ್ವಾಡಿ ಬರಿಮೈಲೆ ನಿಂತದ್ದ ನೋಡಿ ಯಾರೂ ಒಂದ ಮಾತ ಆಡಬಾರದು. ಅಷ್ಟರಿ."

ನಮ್ಮ ಕಡೆ ಇದಕ್ಕೆ ಮುಯ್ಯಿ ಅನ್ನುತ್ತಾರೆ. ಮನೆ ಕಟ್ಟುವವನಿಗೆ ಉಳಿದವರು ತಮ್ಮ ಎತ್ತು, ಗಾಡಿ, ತೋಳು ಕೊಡುತ್ತಾರೆ. ಅವನು ಮುಂದೆ ಎಂದಾದರೂ ತೀರಿಸುತ್ತಾನೆ. ಬೇಡ ಅಂದರೆ ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ. ಅದರಲ್ಲೂ ಶುಭಕಾರ್ಯದ ಮುಂದೆ ಬೀಗರ ಮನೆಯಿಂದ ತುಂಬಿ ಬಂದ ಗಾಡಿಯನ್ನು ತುಂಬಿದ ಹಾಗೆಯೇ ತಿರುಗಿಸಿ ಕಳಿಸಿದರೆ ಸಂಬಂಧ ಅಲ್ಲಿಗೆ ಮುರಿಯಿತೆಂದೇ ಲೆಕ್ಕ.

ಅಪ್ಪ ಬಾಯಿ ತೆರೆದ. ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಪೊರಕೆ ಕೈಯಲ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದೆ. ಅಪ್ಪನೂ ನನ್ನನ್ನು ನೋಡಿದ.

"ಮೊದಲ ಒಳಗ ಬರ್ರಿ, ಚಹಾ ಕುಡೀರಿ. ಆಮ್ಯಾಲ ಕೆಲಸಕ್ಕ ಹತ್ತೂಣಂತ" ಎಂದ.

ಮಶೀನಿನಲ್ಲಿ ಒತ್ತಿದ ನುಣುಪು ಇಟ್ಟಿಗೆಗೆ ಸಿಮೆಂಟು ಹಿಡಿಯುವುದಿಲ್ಲ. ಅದಕ್ಕೇ ಗೌಂಡಿಗಳು ಬಾಚಿ ಎಂಬ ಕೊಡಲಿಯಂಥ ಹತಾರ ತೆಗೆದುಕೊಂಡು ಮುಂದಿನ ಗೋಡೆಯ ಉದ್ದಕ್ಕೂ ಕಚ್ಚು ಹಾಕತೊಡಗಿದರು. ಅಪ್ಪ ಕೂಸಿನ ಹಾಗೆ ಸಾಕಿದ ಇಟ್ಟಿಗೆಗಳು. ಚಕ್ಕೆ ಚಕ್ಕೆಯಾಗಿ ಕೆಂಪು ಮಣ್ಣು ನಾನು ಆಗಷ್ಟೇ ಗುಡಿಸಿದ ಅಂಗಳದಲ್ಲಿ ಉದುರಿತು. ನಡುವೆ ಒಬ್ಬ ಗೌಂಡಿ ಕೈ ಝಾಡಿಸಿಕೊಂಡು, "ಎಪ್ಪಾ, ಏನ ಗಟ್ಟಿ ಐತ್ರೀ ಈ ಮಣ್ಣ! ಬಾಚಿ ಪುಟಿಯಾಕ ಹತ್ತೈತಿ" ಎಂದ.

"ಹೌದಲ್ಲ? ಹೌದಲ್ಲ? ನಾ ಹೇಳಿದ್ದಿಲ್ಲೇನು!" ಎಂದು ಅಪ್ಪ ಒಳಗಿನಿಂದ ಓಡಿ ಬಂದ. ಮುಖ ಅರಳಿತ್ತು. ಎಲ್ಲರೂ ಅವನನ್ನೇ ನೋಡಿದರು. ಏನು ನಡೆಯುತ್ತಿದೆ ಎಂದು ಆಗ ಅವನಿಗೆ ನೆನಪಾಯಿತೋ ಏನೋ, ಅಲ್ಲೇ ನಿಂತ. ಆಮೇಲೆ ಲುಂಗಿ ಮೇಲೆ ಕಟ್ಟಿಕೊಂಡು, ಸಿಮೆಂಟು ಕಲಸಲು ಹಿತ್ತಲಿನ ಟಾಕಿಯಿಂದ ನೀರು ಹೊರತೊಡಗಿದ. ಯಾರೂ ಅವನಿಗೆ ಹೇಳಿರಲಿಲ್ಲ. ಮಾವನವರು, "ನೀವ್ಯಾಕ್ರಿ ಮಾಸ್ತರ, ಕುಂತ್ಕೋರಿ" ಎಂದರೂ ಕೇಳಲಿಲ್ಲ.

ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಅಳುತ್ತಿದ್ದಳು. "ಹಾಳಾದ್ದು, ಇಷ್ಟ ದಿನ ಗಿಲಾವ್ ಗಿಲಾವ್ ಅಂತ ನಾನ ಬಡಕೊಂಡೆ" ಎಂದಳು. ಹೊರಗೆ ಕೂತವರಿಗೆ ಊಟಕ್ಕೆ ಬಡಿಸುವಾಗ ಮುಖ ತೊಳೆದುಕೊಂಡು, ನಗುತ್ತಲೇ ಬಡಿಸಿದಳು. ಸಂಜೆಗೆ ಮುಂದಿನ ಗೋಡೆ ಬೂದಿ ಬಣ್ಣವಾಗಿ, ಓಣಿಯ ಉಳಿದ ಗೋಡೆಗಳ ಹಾಗೆ ಆಗಿತ್ತು. ಎದುರು ಮನೆಯ ಅಜ್ಜಿ ಕಟ್ಟೆಗೆ ಬಂದು ನಿಂತು, "ಅಂತೂ ಆತಲ್ಲಪಾ!" ಎಂದಳು.

ಅಪ್ಪ ನಿಜವಾಗಿಯೂ ಬೇಕೆಂದೇ ಗೋಡೆಯನ್ನು ಹಾಗೆ ಬಿಟ್ಟಿದ್ದ ಎಂದು ಮಾವನವರಿಗೆ ಅವರು ತೀರಿಕೊಳ್ಳುವ ತನಕ ಹೇಳಲು ನನಗೆ ಬಾಯಿ ಬರಲಿಲ್ಲ. ಎಂಥ ಒಳ್ಳೆಯ ಜೀವ ಅದು. ಬಂದವರ ಮುಂದೆ, "ನಮ್ಮ ಬೀಗರು ಭಾಳ ಸ್ವಾಭಿಮಾನಿ, ಗಿಲಾವ್ ಬ್ಯಾಡಂತ ನಾನಾ ನೆವಾ ಹೇಳತಿದ್ರು" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಅವರು ಹಾಗಂದಾಗಲೆಲ್ಲ ನಾನು ಏನೋ ನೆನಪಾದವಳ ಹಾಗೆ ಒಳಗೆ ಎದ್ದು ಹೋಗುತ್ತಿದ್ದೆ. ನನ್ನ ಗಂಡ ಕೂಡ ಅದನ್ನು ತವರಿನ ಬಡತನದ ನಾಚಿಕೆ ಎಂದುಕೊಂಡಿದ್ದ. ನಾಚಿಕೆ ಹೌದು, ಆದರೆ ಅವನು ತಿಳಿದುಕೊಂಡಂಥದ್ದಲ್ಲ.

ಗಿಲಾವ್ ಮುಗಿಸಿ ಹೋಗುವಾಗ ಆ ಸಂಜೆ ಮಾವನವರು, "ದಿನಾ ನೀರ ಹೊಡೀರಿ, ಇಲ್ಲಂದ್ರ ಸೀಳತೈತಿ" ಎಂದು ಹೇಳಿಹೋಗಿದ್ದರು. ಅಪ್ಪ ಮುಂಜಾನೆ ಸಾಲೆಗೆ ಹೋಗುವ ಮೊದಲು, ಸಂಜೆ ಬಂದ ಕೂಡಲೇ, ಬಕೆಟ್ಟು ಚರಿಗೆ ಹಿಡಿದು ಆ ಸಿಮೆಂಟಿಗೆ ನೀರು ಹೊಡೆಯುತ್ತಿದ್ದ. ಎಲ್ಲೂ ಒಣಗಗೊಡುತ್ತಿರಲಿಲ್ಲ. ಮೂಲೆ, ಕಿಟಕಿಯ ಕೆಳಗೆ, ಬಾಗಿಲಿನ ಅಂಚು, ಒಂದನ್ನೂ ಬಿಡುತ್ತಿರಲಿಲ್ಲ. ನಿಶ್ಚಿತಾರ್ಥದ ಹಿಂದಿನ ಸಂಜೆ ನಾನು ಹೋಗಿ, "ಕೊಡ ಅಪ್ಪಾ, ನಾ ಹೊಡೀತೇನಿ" ಎಂದೆ.

"ಬ್ಯಾಡವ್ವಾ. ನಾಳೆ ಬಳಿ ಇಡಸ್ಕೋಬೇಕು, ಕೈ ಯಾಕ ಹೊಲಸ ಮಾಡ್ಕೋತಿ" ಎಂದು ಚರಿಗೆ ಕೊಡಲಿಲ್ಲ.

ನೀರು ಮುಗಿದ ಮೇಲೆ ಹಿಂದೆ ಸರಿದು ಬಂದು ನನ್ನ ಪಕ್ಕ ನಿಂತ. ಇಬ್ಬರೂ ಗೋಡೆ ನೋಡಿದೆವು.

"ಹೆಂಗ ಕಾಣತೈತಿ?" ಎಂದು ಕೇಳಿದ.

"ಛಂದ ಕಾಣತೈತಿ ಅಪ್ಪಾ" ಎಂದೆ.

ಅವನ ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ನನ್ನ ಕಣ್ಣಿಗೆ ನಿಜವಾಗಿಯೂ ಛಂದ ಕಾಣುತ್ತಿತ್ತು. ಅಪ್ಪ ನನ್ನ ಮುಖ ನೋಡಿದ, ಅವನಿಗೂ ಅದು ತಿಳಿಯಿತು.